ಅಜ್ಜಿ ಅಳೆಯಗೊಡದ ಮನೆ

ನಮ್ಮ ಮನೆಗೆ ಬಂದವರಿಗೆ ಬಾಗಿಲಿಗಿಂತ ಮೊದಲು ಅಜ್ಜಿ ಸಿಗುತ್ತಿದ್ದಳು. ಹೊಸ್ತಿಲಿನ ಪಕ್ಕದಲ್ಲಿ ಮಣ್ಣಿನ ಒಂದು ಸಣ್ಣ ದಿಣ್ಣೆ ಇತ್ತು. ಅದರ ಮೇಲೆ ಗೋಣಿಚೀಲ ಹಾಸಿ, ಕಾಲು ಚಾಚಿ, ಎಲೆಅಡಿಕೆ ಕುಟ್ಟುತ್ತ ಅವಳು ಕೂತಳೆಂದರೆ ಒಳಗೆ ಹೋಗುವವರು ಅವಳ ಕಾಲು ದಾಟಿಯೇ ಹೋಗಬೇಕು. ಹಿರಿಯರ ಕಾಲು ದಾಟುವ ಹಾಗಿಲ್ಲ. ಹೀಗಾಗಿ ಅವಳು ಕಾಲು ಮಡಚಿಕೊಂಡರೆ ಮಾತ್ರ ನಮ್ಮ ಮನೆಗೆ ದಾರಿ. ಹಾಡಿಯವರು ಬಂದರೆ ಮಾತಿನ ನಡುವೆಯೇ ಮಡಚುತ್ತಿದ್ದಳು. ಹೆಗಲಿಗೆ ಬ್ಯಾಗು ಹಾಕಿದವರು, ಕೈಯಲ್ಲಿ ಕಾಗದ ಹಿಡಿದವರು, ಬೂಟು ತೊಟ್ಟವರು ಬಂದರೆ ಇನ್ನಷ್ಟು ಚಾಚುತ್ತಿದ್ದಳು. ಅವರು ಅಲ್ಲೇ ನಿಂತು, ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಕೇಳುವುದನ್ನು ಕೇಳಿ ಹೋಗುತ್ತಿದ್ದರು. ಅವರಿಗೆ ಸಿಗುತ್ತಿದ್ದ ಉತ್ತರಗಳಲ್ಲಿ ಒಂದೂ ನಿಜವಾಗಿರುತ್ತಿರಲಿಲ್ಲ.

ನಮ್ಮದು ಹುಣಸೂರು ತಾಲ್ಲೂಕಿನಲ್ಲಿ ಕಾಡಿನಂಚಿಗಿರುವ ಜೇನುಕುರುಬರ ಹಾಡಿ. ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಮೇಲೆ ಹುಲ್ಲು, ಹುಲ್ಲಿನ ಮೇಲೆ ನೀಲಿ ಟಾರ್ಪಾಲು, ಅದು ಹಾರದಂತೆ ನಾಲ್ಕಾರು ಕಲ್ಲು. ಒಳಗೆ ಇದ್ದದ್ದು ಒಂದೇ ಕೋಣೆ. ನಡುವೆ ನನ್ನ ಎದೆಮಟ್ಟಕ್ಕೆ ಬರುವ ಅಡ್ಡಗೋಡೆ. ಆಚೆ ಒಲೆ, ಈಚೆ ಮಲಗುವ ಜಾಗ. ಒಲೆಯ ಮೇಲೆ ಬಿದಿರಿನ ಅಟ್ಟ, ಅದರಲ್ಲಿ ಬೀಜದ ರಾಗಿ, ಒಣಮೆಣಸಿನಕಾಯಿ, ಮಳೆಗಾಲದಲ್ಲಿ ಆಯ್ದು ಒಣಗಿಸಿದ ಅಣಬೆ. ಎಲ್ಲಕ್ಕೂ ಹೊಗೆಯ ವಾಸನೆ. ನನ್ನ ಯೂನಿಫಾರಮ್ಮಿಗೂ ಅದೇ ವಾಸನೆ. ಎದುರಿಗೆ ಸರ್ಕಾರ ನಮ್ಮ ಹೆಸರಿನಲ್ಲೇ ಕಟ್ಟಿಕೊಟ್ಟಿದ್ದ ಸಿಮೆಂಟಿನ ಮನೆಯೂ ಇತ್ತು. ಅದರಲ್ಲಿ ಸೌದೆ ಮತ್ತು ಆಡುಗಳಿದ್ದವು. ಯಾಕೆ ನಾವು ಅಲ್ಲಿ ಮಲಗಬಾರದು ಎಂದು ಒಮ್ಮೆ ಕೇಳಿದ್ದಕ್ಕೆ ಅಜ್ಜಿ ಹೇಳಿದ್ದಳು:

"ಕೊಟ್ಟೋರು ಒಂದಿನ ವಾಪಸ್ ಕೇಳ್ತಾರೆ ಕಣೆ. ಆಡ್ನ ಎಬ್ಸಿ ಆಚೆ ಕಟ್ಬೋದು. ನಿನ್ನ ಎಬ್ಸಿ ಎಲ್ಲಿ ಕಟ್ಲಿ?"

ಅಪ್ಪ ಅವ್ವ ಸೋಮವಾರ ಮುಂಜಾನೆ ಕೊಡಗಿನ ಕಾಫಿ ತೋಟಕ್ಕೆ ಜೀಪು ಹತ್ತಿದರೆ ಮತ್ತೆ ಬರುತ್ತಿದ್ದದ್ದು ಶನಿವಾರ ಸಂಜೆ. ವಾರವೆಲ್ಲ ನಾನು ಅಜ್ಜಿಯ ಪಾಲು. ಅವಳ ಅನುಮಾನವೇ ನಮ್ಮ ಮನೆಯ ಬೇಲಿಯಾಗಿತ್ತು. ಮನೆ ಎಣಿಸಲು ಬಂದವರಿಗೆ ಅವಳು ಕೆಂಪಿ, ಸೂಜಿ ಹಾಕಲು ಬಂದವರಿಗೆ ಬೊಮ್ಮಿ, ರೇಷನ್ ಅಂಗಡಿಯಲ್ಲಿ ಇನ್ನೇನೋ. ನನಗೂ ಹಾಗೆಯೇ. ಮನೆಯಲ್ಲಿ ಚಿಕ್ಕಿ, ಅಂಗನವಾಡಿಯಲ್ಲಿ ಲಕ್ಷ್ಮಿ, ಶಾಲೆಯಲ್ಲಿ ಸುಮ. ಒಂದು ಹೆಸರು ಹಿಡಿದುಕೊಂಡು ಯಾರಾದರೂ ಹುಡುಕಿಕೊಂಡು ಬಂದರೆ ಉಳಿದ ಹೆಸರುಗಳಲ್ಲಿ ನಾನು ಬಚಾವಾಗಬೇಕು ಎನ್ನುವುದು ಅವಳ ಲೆಕ್ಕ. ಮನೆಯೊಳಗೆ ನಾವು ಆಡುತ್ತಿದ್ದದ್ದು ನಮ್ಮದೇ ನುಡಿ. ಅದನ್ನು ಇಲ್ಲಿ ಹೊರಗಿನವರೊಂದಿಗೆ ಆಡುವ ಊರ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಜ್ಜಿ ಇದ್ದಿದ್ದರೆ ಅದೇ ಸರಿ ಎನ್ನುತ್ತಿದ್ದಳು.

ಹಾಡಿಯ ತುದಿಯಲ್ಲಿ ಎರಡು ಕೋಣೆಯ ಸರ್ಕಾರಿ ಶಾಲೆ. ಅಲ್ಲಿ ಸಿದ್ದರಾಜು ಮೇಷ್ಟ್ರು ಒಬ್ಬರೇ. ಅವರ ಊರು ಕೆ.ಆರ್.ನಗರದ ಕಡೆ, ನಾಲೆ ನೀರಿನ ಗದ್ದೆಯ ಸೀಮೆ. ಹುಣಸೂರಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ಬೈಕಿನಲ್ಲಿ ಬರುತ್ತಿದ್ದರು. ಬೈಯುವವರಲ್ಲ, ಹೊಡೆಯುವವರಲ್ಲ. ಬೋರ್ಡಿನ ಮೇಲೆ ಬರೆಯುವುದು, ನಾವು ನೋಡಿ ಬರೆಯುವುದು, ಮಧ್ಯಾಹ್ನದ ಊಟ, ಮತ್ತೆ ಬೋರ್ಡು. ಒಂದು ಸಲ ಅವರು ತರಬೇತಿಗೆಂದು ಹೋದರು, ಶಾಲೆಗೆ ಬೀಗ ಬಿತ್ತು. ಅಜ್ಜಿಗೆ ಆಗಲೇ ಮೂಗು ಅರಳಿತ್ತು.

"ತರಬೇತಿ ಅಂತೆ. ಕೂದ್ಲು ಬೆಳ್ಳಗಾಗಿರೋ ಮೇಷ್ಟ್ರಿಗೆ ಇನ್ನೇನ್ ಕಲ್ಸಾರು? ಏನೋ ಐತೆ."

ಮೇಷ್ಟ್ರು ಹಿಂದಿರುಗಿದಾಗ ಬೈಕಿನ ಹಿಂದೆ ದೊಡ್ಡದೊಂದು ಹಸಿರು ಬ್ಯಾಗು ಕಟ್ಟಿತ್ತು. ಅದರಲ್ಲಿ ಅಯಸ್ಕಾಂತ, ಕನ್ನಡಿ ಚೂರು, ಬಲೂನು, ಜ್ಯೂಸು ಕುಡಿಯುವ ಕೊಳವೆ, ಟಾರ್ಚಿನ ಶೆಲ್ಲು, ವೈರು, ಸಣ್ಣ ಸಣ್ಣ ಬಲ್ಬು. ಬೆಂಚನ್ನು ಗೋಡೆಗೆ ಸರಿಸಿ ನಮ್ಮನ್ನು ನೆಲದ ಮೇಲೆ ದುಂಡಗೆ ಕೂರಿಸಿದರು. ಶೆಲ್ಲು, ವೈರು, ಬಲ್ಬು ಕೊಟ್ಟು 'ಉರಿಸಿ' ಎಂದರು. ಹೇಗೆಂದು ಹೇಳಲಿಲ್ಲ. ನಮ್ಮದು ಉರಿಯಲಿಲ್ಲ. ಅವರೂ ಬಂದು ಹಿಡಿದು ನೋಡಿದರು, ಅವರಿಗೂ ಉರಿಯಲಿಲ್ಲ. ಆಗ ಅವರು ತಲೆ ಕೆರೆದುಕೊಂಡು, "ನಂಗೂ ಗೊತ್ತಾಗ್ತಿಲ್ಲ ಕಣ್ರೋ. ಯಾಕಿರ್ಬೋದು, ನೋಡಣ?" ಎಂದು ನಮ್ಮನ್ನೇ ಕೇಳಿದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಗೊತ್ತಿಲ್ಲ ಎನ್ನುವ ಮೇಷ್ಟ್ರನ್ನು ನಾವು ಕಂಡಿರಲಿಲ್ಲ. ಗೊತ್ತಿದ್ದೂ ಕೇಳುತ್ತಿದ್ದಾರೆ, ನಮ್ಮಿಂದ ಏನನ್ನೋ ಬಾಯಿ ಬಿಡಿಸುತ್ತಿದ್ದಾರೆ ಅಂತಲೇ ನನಗೆ ಅನ್ನಿಸಿತು. ಅಜ್ಜಿಯ ಮೊಮ್ಮಗಳಲ್ಲವೆ ನಾನು! ಆದರೆ ವೈರಿನ ತುದಿಯ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಕಿತ್ತು ಮತ್ತೆ ಹಿಡಿದಾಗ ನನ್ನ ಬಲ್ಬು ಹೊತ್ತಿಕೊಂಡಿತು. ಎಷ್ಟು ಸಣ್ಣ ಬೆಳಕು ಅದು! ನಾನು ಕಿರುಚಿದ್ದು ಬಿಸಿಯೂಟದ ಅಡುಗೆಯವಳಿಗೂ ಕೇಳಿಸಿತ್ತಂತೆ.

ಮೇಷ್ಟ್ರು ಅದನ್ನು ಮನೆಗೆ ಒಯ್ಯಲು ಬಿಟ್ಟರು. ಕತ್ತಲ ಕೋಣೆಯಲ್ಲಿ ಅಡ್ಡಗೋಡೆಯ ಮೇಲೆ ಇಟ್ಟು ಉರಿಸಿ ತೋರಿಸಿದೆ. ಅಜ್ಜಿ ಬೆಳಕನ್ನು ನೋಡಲೇ ಇಲ್ಲ, ನನ್ನ ಮುಖ ನೋಡಿದಳು.

"ಯಾರ್ ಕೊಟ್ಟಿದ್ದು?"

"ಮೇಷ್ಟ್ರು."

"ಮೇಷ್ಟ್ರಿಗ್ಯಾರ್ ಕೊಟ್ರು?"

"ಮೈಸೂರಿಂದ ಬತ್ತಾರಲ್ಲ, ತರಬೇತಿಯೋರು."

"ಅವ್ರು ಯಾಕ್ ಕೊಟ್ರು? ಬದ್ಲೀಗೆ ಏನ್ ಕೇಳುದ್ರು?"

"ಏನೂ ಕೇಳ್ನಿಲ್ಲ."

"ಇನ್ನೂ ಕೇಳಿಲ್ಲ," ಎಂದು ಅಜ್ಜಿ ನನ್ನ ಮಾತನ್ನು ತಿದ್ದಿದಳು. ಮರುದಿನ ಅದನ್ನು ಹಿಂದಿರುಗಿಸಿ ಬರಬೇಕಾಯಿತು.

ಅವರು ಕೇಳುವ ದಿನ ಬಂದದ್ದು ಮಳೆ ನಿಂತ ಮೇಲೆ. ಉದ್ದ, ಅಗಲದ ಪಾಠ. ಮೇಷ್ಟ್ರು ಬೋರ್ಡಿನ ಕಡೆ ಹೋಗದೆ ಎಲ್ಲರಿಗೂ ಗಂಟು ಹಾಕಿದ ನೈಲಾನು ದಾರ ಕೊಟ್ಟರು. ಒಂದು ಗಂಟಿನಿಂದ ಇನ್ನೊಂದಕ್ಕೆ ಒಂದಡಿ. ಅವರವರ ಮನೆ ಅಳೆದುಕೊಂಡು ಬರಬೇಕು, ಬಾಗಿಲೆಲ್ಲಿ, ಒಲೆಯೆಲ್ಲಿ, ಯಾರು ಎಲ್ಲಿ ಮಲಗುತ್ತಾರೆ ನೋಡಿಕೊಂಡು ಬರಬೇಕು, ಚೌಕುಳಿ ಹಾಳೆಯಲ್ಲಿ ಅದನ್ನು ಚಿಕ್ಕದಾಗಿ ಬರೆಯಬೇಕು. ಆಮೇಲೆ ಎಲ್ಲ ಮನೆಗಳನ್ನೂ ದೊಡ್ಡ ಚಾರ್ಟಿಗೆ ಸೇರಿಸಿದರೆ ಅಲ್ಲಿ ಇಡೀ ಹಾಡಿ ಕಾಣುತ್ತದೆ. ಹಕ್ಕಿ ಮೇಲಿಂದ ನೋಡಿದ ಹಾಗೆ, ಎಂದರು ಮೇಷ್ಟ್ರು. ನನಗೆ ಆ ಮಾತು ತುಂಬ ಇಷ್ಟವಾಯಿತು. ಓಡಿ ಬಂದು ಬ್ಯಾಗು ಎಸೆದು, ಗೋಡೆಯ ಬುಡಕ್ಕೆ ದಾರ ಹಿಡಿದು ಎಣಿಸತೊಡಗಿದೆ. ಅಜ್ಜಿ ಹಿತ್ತಿಲಲ್ಲಿ ಅಣ್ಣೆಸೊಪ್ಪು ಕೀಳುತ್ತಿದ್ದಳು. ಮಡಿಲಲ್ಲಿ ಸೊಪ್ಪು ತುಂಬಿಕೊಂಡು ಬಂದವಳು ನನ್ನನ್ನು ಕಂಡು ನಿಂತಳು.

"ಏನೇ ಅದು?"

"ಮನೆ ಅಳೀತಾ ಇವ್ನಿ."

ಮಡಿಲು ಬಿಟ್ಟುಹೋಗಿ ಸೊಪ್ಪೆಲ್ಲ ನೆಲಕ್ಕೆ ಬಿತ್ತು. ಅವಳು ಅಷ್ಟು ಬೇಗ ನಡೆದದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ದಾರ ಕಿತ್ತುಕೊಂಡು ಒಲೆಗೆ ಹಾಕಿದಳು. ನೈಲಾನು ಸುಟ್ಟ ಕೆಟ್ಟ ವಾಸನೆ ಮನೆಯೆಲ್ಲ ತುಂಬಿತು. ನಾನು ಅತ್ತೆ. ದಾರ ಮೇಷ್ಟ್ರದು, ನಾಳೆ ಕೇಳಿದರೆ ಏನು ಹೇಳಲಿ ಎಂದು ಅತ್ತೆ. ಅಜ್ಜಿ ಸಮಾಧಾನ ಮಾಡಲಿಲ್ಲ. ಸೊಪ್ಪು ಆಯ್ದು, ತೊಳೆದು, ಬೇಯಲಿಟ್ಟು, ಮುದ್ದೆ ತಿರುವಿದಳು. ದಿನವೂ ಮಾಡುವಂತೆ ಮೊದಲ ಚೂರು ಮುದ್ದೆಯನ್ನು ಒಲೆಯ ಪಕ್ಕ ಸತ್ತವರಿಗೆಂದು ಇಟ್ಟಳು. ಅವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದಳು. ಹೆಸರುಗಳು ಮುಗಿದ ಮೇಲೂ ತುಟಿ ಆಡುತ್ತಿತ್ತು. ಕಿವಿಗೊಟ್ಟು ಕೇಳಿದೆ. ಅವು ಮನುಷ್ಯರ ಹೆಸರಾಗಿರಲಿಲ್ಲ. ಒಂದು ಹಳ್ಳದ ಹೆಸರು, ಒಂದು ಬಂಡೆಯದು, ಒಂದು ಮರದ್ದು. ಅವಳು ಹುಟ್ಟಿ ಬೆಳೆದು ಮದುವೆಯಾಗಿದ್ದ, ಕಾಡಿನೊಳಗಿನ ಹಳೆಯ ಹಾಡಿಯ ಗುರುತುಗಳು. ಊಟ ಮಾಡುತ್ತ ಅವಳಾಗಿಯೇ ಹೇಳಿದಳು:

"ನಿನ್ನಪ್ಪ ಇನ್ನೂ ಮೊಲೆ ಕುಡೀತಿದ್ದ. ಟೇಪು ಇಡ್ಕಂಡು ಬಂದ್ರು. ಒಳ್ಳೆ ಜನ ಕಣೆ, ನಗ್‌ನಗ್ತಾ ಮಾತಾಡ್ಸುದ್ರು. ಗೆಣಸು ಬೇಯ್ಸಿ ಕೊಟ್ಟೆ, ಜೇನು ಹಾಕ್ಕೊಟ್ಟೆ. ಇದ್ಯಾರ್ ಮನೆ, ಅದ್ಯಾರ್ ಮನೆ ಅಂತ ಕೇಳುದ್ರು. ಎಲ್ಲಾ ನಾನೇ ತೋರುಸ್ದೆ. ನೀರ್ ಎಲ್ಲದೆ ಅಂದ್ರು, ಅದ್ನೂ ನಾನೇ ತೋರುಸ್ದೆ. ನಂಗೊಂಥರಾ ಜಂಬ. ನಮ್ ಹಾಡೀನೂ ಬರ್ಕೊತಾವ್ರೆ ಅಂತ."

"ಆಮೇಲೆ?"

"ಆಮೇಲೇನು. ಇಲ್ಲಿಗ್ ಬಂದೋ."

ಅವಳು ತಟ್ಟೆ ತೊಳೆಯಲು ಎದ್ದಳು. ನಡುವೆ ಏನಾಯಿತೆಂದು ಅವಳು ಆಗಲೂ ಹೇಳಲಿಲ್ಲ, ಮುಂದೆಂದೂ ಹೇಳಲಿಲ್ಲ. ಆದರೆ ಮರುದಿನ ಬೆಳಗ್ಗೆ ದಿಣ್ಣೆಯ ಮೇಲೆ ಕೂರದೆ ಹಾಡಿಯ ಮನೆಮನೆಗೆ ಹೋಗಿ ಬಂದಳು. ಆ ದಿನ ಶಾಲೆಯಲ್ಲಿ ಅರ್ಧ ಮಕ್ಕಳು ಇರಲಿಲ್ಲ. ನಾನೂ ಇರಲಿಲ್ಲ.

ಎರಡು ದಿನ ಕಾದು ಮೇಷ್ಟ್ರೇ ಮನೆಗೆ ಬಂದರು. ಅಜ್ಜಿಯ ಕಾಲು ಚಾಚಿಯೇ ಇತ್ತು. ಅವರು ಹೆಲ್ಮೆಟ್ಟನ್ನು ಎದೆಗೊತ್ತಿಕೊಂಡು ನಿಂತೇ ಮಾತಾಡಿದರು. ನಾನು ಅಡ್ಡಗೋಡೆಯ ಹಿಂದೆ ನಿಂತು ಕೇಳುತ್ತಿದ್ದೆ.

"ಇದು ಲೆಕ್ಕದ ಪಾಠ ಕಣಜ್ಜಿ. ಉದ್ದ, ಅಗಲ. ಪುಸ್ತಕದಲ್ಲೇ ಇದೆ."

"ಪುಸ್ತಕದಲ್ಲಿ ನನ್ ಮನೆ ಅದಾ?"

"ಇಲ್ಲ…"

"ಮತ್ತೆ ಪುಸ್ತಕದಲ್ಲಿರೋ ಮನೇನೇ ಅಳ್ಕಳಿ."

"ಬರೀ ಬಾಯಿಪಾಠ ಮಾಡ್ಸಿದ್ರೆ ಮಕ್ಳಿಗೆ ತಲೆಗೆ ಹತ್ತಲ್ಲ ಅಂತ ಹೇಳ್ಕೊಟ್ಟವ್ರೆ. ಕೈಯಾರೆ ಮಾಡಿದ್ರೆ ಮರೆಯಲ್ಲ ಅಂತ. ನಾನೂ ಇಷ್ಟ್ ವರ್ಷ ತಪ್ಪಾಗೇ ಕಲಿಸ್ದೆ ಅನ್ನಿಸ್ಬಿಟ್ಟದೆ ನಂಗೆ."

"ಕಲ್ಸಿ ಮೇಷ್ಟ್ರೆ, ಬ್ಯಾಡ ಅಂದೋರ್ಯಾರು? ಅಳ್ದಿದ್ನ ಎಲ್ಲಿ ಬರೀತೀರಿ?"

"ಚಾರ್ಟಲ್ಲಿ."

"ಚಾರ್ಟು ಎಲ್ಲಿರ್ತದೆ?"

"ಸ್ಕೂಲ್ ಗೋಡೇಲಿ."

"ಆಮೇಕೆ?"

"ಹುಣಸೂರಲ್ಲಿ ಒಂದು ಮೇಳ ಮಾಡ್ತಾರೆ. ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಎಲ್ಲಾ ಕಡೆಯಿಂದ ಮೇಷ್ಟ್ರುಗಳು ಬತ್ತಾರೆ. ಮಕ್ಳು ಮಾಡಿದ್ನ ಅಲ್ಲಿ ನೇತಾಕ್ತೀವಿ."

"ನೋಡಾಕೆ ಯಾರ್ ಬತ್ತಾರೆ?"

"ಎಲ್ರೂ ಬತ್ತಾರೆ. ಸಾಹೇಬ್ರುಗಳು…"

"ಯಾವ್ ಸಾಹೇಬ್ರು?"

ಹೆಲ್ಮೆಟ್ಟಿನ ಪಟ್ಟಿಯನ್ನು ಮೇಷ್ಟ್ರು ಸುತ್ತುತ್ತ, ಬಿಚ್ಚುತ್ತ ನಿಂತರು. ಅಡ್ಡಗೋಡೆಯ ಮೇಲಿಂದ ಅವರ ಮುಖ ನನಗೆ ಕಾಣುತ್ತಿತ್ತು. ಬಲ್ಬು ಉರಿಯದಿದ್ದ ದಿನದ ಮುಖವೇ ಅದು. ಆದರೆ ಈ ಸಲ 'ಗೊತ್ತಿಲ್ಲ' ಎನ್ನಲು ಅವರಿಗೆ ಆಗಲಿಲ್ಲ. "ಮಗೂನ ಕಳ್ಸಿ ಅಜ್ಜಿ," ಎಂದಷ್ಟೇ ಹೇಳಿ ಬೈಕು ಹತ್ತಿದರು.

ಶನಿವಾರ ಅಪ್ಪ ಅವ್ವ ಬಂದರು. ಅವ್ವ ಹಳ್ಳದಿಂದ ಏಡಿ ಹಿಡಿದು ತಂದಿದ್ದಳು. ಏಡಿ ಸಾರಿನ ದಿನ ನಮ್ಮ ಮನೆಯಲ್ಲಿ ಜಗಳ ಆಗುವುದಿಲ್ಲ, ಎಲ್ಲರ ಬಾಯಿಗೂ ಕೆಲಸವಿರುತ್ತದೆ. ಆ ದಿನ ಆಯಿತು. ನಾನು ಶಾಲೆಗೆ ಹೋಗಿಲ್ಲ ಎಂದು ತಿಳಿದದ್ದೇ ಅಪ್ಪ ತಟ್ಟೆ ಸರಿಸಿದ. ಅಪ್ಪ ಜಾಸ್ತಿ ಮಾತಿನವನಲ್ಲ. ವಾರವಿಡೀ ಬೇರೆಯವರ ತೋಟದಲ್ಲಿ ತಲೆತಗ್ಗಿಸಿ ದುಡಿದು ಬಂದವನಿಗೆ ಮನೆಯಲ್ಲೂ ಅಜ್ಜಿಯೆದುರು ಸುಮ್ಮನಿರುವುದು ರೂಢಿ. ಆ ಸಂಜೆ ರೂಢಿ ತಪ್ಪಿತು.

"ಅಳ್ದ್ರೆ ಏನ್ ಓಯ್ತದೆ ನಿಂದು? ಅಳತೆ ಇಲ್ದಿದ್ಕೇ ತಾನೆ ನಮ್ಗೆ ಇಲ್ಲಿವರ್ಗೂ ಜಾಗದ ಪಟ್ಟೆ ಬಂದಿಲ್ಲ? ಕೇಳಕ್ಕೋದ್ರೆ ನಿಂದೆಷ್ಟು ಜಾಗ ಅಂತಾರೆ. ಎಷ್ಟು ಅಂತ ಯೋಳ್ಲಿ? ಕೈಯಗ್ಲ ಮಾಡಿ ತೋರುಸ್ಲಾ?"

"ಅಳ್ದಿದ್ಕೇ ಕಣ್ಲಾ ಕಾಡ್ ಬುಟ್ಟಿದ್ದು," ಎಂದಳು ಅಜ್ಜಿ.

"ಕಾಡು, ಕಾಡು! ನಂಗೆ ನೆಪ್ಪೇ ಇಲ್ಲ ಆ ಕಾಡು. ನನ್ ಮಗ್ಳು ಎರಡಕ್ಷರ ಕಲೀಲಿ ಅಂತ ನಾನು ಇವ್ಳೂ ತೋಟದ ಲೈನ್ ಮನೇಲಿ ಬಿದ್ದಿರೋದು. ಸ್ಕೂಲಿಗೆ ಕಳ್ಸಲ್ಲ ಅಂದ್ರೆ ಸರಿ, ಸೋಮ್ವಾರ ಜೀಪ್ ಹತ್ಲಿ. ಕಾಫಿ ಕೊಯ್ಯಾಕೆ ಅವ್ಳ ಕೈ ಆಗದೇ ಏನಿಲ್ಲ."

ಅಪ್ಪ ಅದನ್ನು ಬೆದರಿಕೆಗೆ ಹೇಳಿದನೋ, ನಿಜವಾಗಿಯೋ ನನಗೆ ತಿಳಿಯಲಿಲ್ಲ. ಜೀಪಿನಲ್ಲಿ ನನ್ನ ವಯಸ್ಸಿನವರು ಹೋಗುವುದನ್ನು ನಾನು ಕಂಡಿದ್ದೆ. ಅವರು ಮತ್ತೆ ಶಾಲೆಗೆ ಬಂದದ್ದನ್ನು ಕಂಡಿರಲಿಲ್ಲ. ಅಜ್ಜಿ ಏಡಿಯ ಕಾಲನ್ನು ಕೈಯಲ್ಲೇ ಹಿಡಿದುಕೊಂಡು ಗೋಡೆ ನೋಡುತ್ತಿದ್ದಳು. ಇಬ್ಬರಲ್ಲಿ ಯಾರು ಸರಿ ಎಂದು ನನಗೆ ಆಗ ಗೊತ್ತಾಗಲಿಲ್ಲ. ಈಗಲೂ ಗೊತ್ತಾಗಿದೆ ಎಂದು ಹೇಳಲಾರೆ. ಮಾತು ಮುರಿದವಳು ಅವ್ವ. ಸಾರು ಬಡಿಸುವ ಸೌಟನ್ನು ಪಾತ್ರೆಗೆ ಕುಕ್ಕಿ ಅವಳು ಹೇಳಿದಳು:

"ಸ್ಕೂಲು ಬೇರೆ, ಅಳತೆ ಬೇರೆ. ಮಗು ಸ್ಕೂಲಿಗ್ ಓಗ್ಲಿ. ಮನೆ ಅಳ್ಯೋದ್ ಬ್ಯಾಡ. ಈಗ ಉಣ್ಣಿ, ಸಾರ್ ಆರೋಗ್ತದೆ."

ಹಾಗೇ ಆಯಿತು. ಅವ್ವನ ತೀರ್ಮಾನವನ್ನು ಅಜ್ಜಿ ಮತ್ತೆ ಮನೆಮನೆಗೆ ಹೋಗಿ ಹೇಳಲಿಲ್ಲ. ನಾನು ಶಾಲೆಗೆ ಹೋಗುವುದನ್ನು ಕಂಡು ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಬಂದರು. ಕೆಲವು ಮನೆಯವರು ಅಳೆಯಲು ಬಿಟ್ಟರು, ಕೆಲವರು ಬಾಯಿಗೆ ಬಂದ ಲೆಕ್ಕ ಹೇಳಿ ಕಳಿಸಿದರು. ಚಾರ್ಟು ಗೋಡೆಗೆ ಬಂತು. ಹಾಡಿಯ ನೀರಿನ ಟ್ಯಾಂಕು, ಶಾಲೆ, ಮತ್ತಿಮರ, ಒಂದರ ಪಕ್ಕ ಒಂದು ಮನೆ, ಮನೆಯೊಳಗೆ ಕೆಂಪು ಚುಕ್ಕಿಯಲ್ಲಿ ಒಲೆ. ನಮ್ಮ ಮನೆ ಇರಬೇಕಾದ ಜಾಗದಲ್ಲಿ ಬಿಳಿ ಹಾಳೆ. "ನಿಮ್ಗೆ ಮನೇನೇ ಇಲ್ಲ ಕಣೆ," ಎಂದು ಪಕ್ಕದ ಹುಡುಗಿ ನಕ್ಕಳು. ಆ ಬಿಳಿಯ ಕಡೆ ನೋಡಿದಾಗಲೆಲ್ಲ ನನಗೆ ಅವಮಾನವಾಗುತ್ತಿತ್ತು. ಅಜ್ಜಿಯ ಮೇಲೆ ಸಿಟ್ಟೂ ಬರುತ್ತಿತ್ತು. ಆದರೆ ಅದರ ಜೊತೆಗೆ ಇನ್ನೊಂದು ಕೆಲಸ ನಾನು ಯಾರಿಗೂ ಹೇಳದೆ ಶುರುಮಾಡಿದ್ದೆ. ಬೆಳಗ್ಗೆ ಬೀಗ ತೆಗೆಯುವ ಮೊದಲೇ ಹೋಗಿ, ಕಿಟಕಿಯ ಸರಳಿಗೆ ಜೋತುಬಿದ್ದು, ಚಾರ್ಟು ಗೋಡೆಯ ಮೇಲೆ ಇದೆಯೋ ಇಲ್ಲವೋ ನೋಡುವುದು. ಮೇಷ್ಟ್ರು ಬೈಕಿಗೆ ಏನಾದರೂ ಕಟ್ಟುತ್ತಿದ್ದರೆ ಅದೇನೆಂದು ನೋಡುವುದು. ನಾನು ಇಷ್ಟಪಡುತ್ತಿದ್ದ ಮನುಷ್ಯನನ್ನು ಹೀಗೆ ಕಾಯುತ್ತಿದ್ದೆ.

ಒಂದು ದಿನ ಮೇಷ್ಟ್ರ ಜೊತೆ ತರಬೇತಿ ಕೊಡುವ ಅನಿತಾ ಮೇಡಂ ಬಂದರು. ಚಿಕ್ಕ ವಯಸ್ಸು, ಚೂಡಿದಾರ, ದೊಡ್ಡ ನಗು. ನಮ್ಮ ಜೊತೆ ನೆಲದ ಮೇಲೆ ಕೂತು ಕಾಗದದ ಗಿರಗಿಟ್ಟಲೆ ಮಾಡಿಕೊಟ್ಟರು. ಆಮೇಲೆ ಚಾರ್ಟು ಕಂಡರು. "ಸರ್, ಇದು ಎಷ್ಟು ಚೆನ್ನಾಗಿದೆ! ನಾಲ್ಕು ತಾಲ್ಲೂಕಲ್ಲಿ ಯಾರೂ ಇಂಥದ್ದು ಮಾಡಿಲ್ಲ," ಎನ್ನುತ್ತ ಮೊಬೈಲು ತೆಗೆದು ಫೋಟೊ ಹಿಡಿದರು. ನಾನು ಎದ್ದವಳೇ ಓಡಿದೆ.

"ಅಜ್ಜೀ, ಚಾರ್ಟ್‌ದು ಫೋಟೊ ತೆಗೀತಾವ್ರೆ!"

ಅಜ್ಜಿ ಅದುವರೆಗೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆ ದಿನ ಹತ್ತಿದಳು. ಬಾಗಿಲಲ್ಲಿ ನಿಂತು ಮೊದಲು ಗೋಡೆ ನೋಡಿದಳು. ಓದು ಬಾರದಿದ್ದರೂ ಅವಳಿಗೆ ಅದು ಏನೆಂದು ತಕ್ಷಣ ಅರ್ಥವಾಯಿತು. ಮತ್ತಿಮರದಿಂದ ಹಿಡಿದು ಒಂದೊಂದೇ ಮನೆಯ ಮೇಲೆ ಅವಳ ಕಣ್ಣು ಹೋಗಿ, ನಮ್ಮ ಬಿಳಿ ಜಾಗದಲ್ಲಿ ನಿಂತು, ಮುಂದೆ ಹೋಯಿತು. ಮೇಷ್ಟ್ರು ಕುರ್ಚಿ ಎಳೆದರು. ಅವಳು ನೆಲಕ್ಕೇ ಕೂತಳು. ಅನಿತಾ ಮೇಡಂ ನಮಸ್ಕಾರ ಮಾಡಿ, ಚಾರ್ಟನ್ನು ಹುಣಸೂರಿನ ಮೇಳಕ್ಕೆ ಒಯ್ಯುತ್ತೇವೆ, ನಿಮ್ಮ ಮೊಮ್ಮಗಳೂ ಬರಲಿ, ಬಸ್ಸು ಮಾಡಿಸುತ್ತೇವೆ ಎಂದರು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು.

"ನಿನ್ ಮನೆ ಎಲ್ಲಿ ತಾಯಿ?"

"ಮೈಸೂರಲ್ಲಿ ಅಜ್ಜಿ."

"ಎಷ್ಟುದ್ದ ಅದೆ?"

ಮೇಡಂ ನಕ್ಕರು. ಅಜ್ಜಿ ನಮ್ಮ ಕಡೆ ತಿರುಗಿ, "ಬರೀರ್ಲಾ ಮಕ್ಳೇ, ಇವ್ರ್ ಮನೇನೂ ಬರೀರಿ," ಎಂದಳು. ಮೇಡಂಗೂ ಇದು ಒಳ್ಳೆಯ ಆಟ ಅನ್ನಿಸಿರಬೇಕು, ತಾವೇ ಸೀಮೆಸುಣ್ಣ ಕೊಟ್ಟರು. ಬಾಡಿಗೆ ಮನೆ, ಮಹಡಿಯ ಮೇಲೆ ಒಂದೇ ರೂಮು, ಮಂಚ ಇಲ್ಲಿ, ಅಡುಗೆ ಕಟ್ಟೆ ಅಲ್ಲಿ ಎಂದು ಹೇಳುತ್ತ ಹೋದರು. ನಾವು ನೆಲದ ಮೇಲೆ ಗೆರೆ ಎಳೆಯುತ್ತ ಹೋದೆವು. ಅಜ್ಜಿ ಕೇಳುತ್ತ ಹೋದಳು.

"ಬಾಗ್ಲು ಯಾವ್ ಕಡೆ?"

"ಇಲ್ಲಿ. ಮೆಟ್ಲು ಹತ್ತಿದ ತಕ್ಷಣ."

"ಜೊತೇಲಿ ಯಾರವ್ರೆ?"

"ಒಬ್ಳೇ ಅಜ್ಜಿ."

"ಕಿಟ್ಕಿಗೆ ಸರಳು ಅದಾ?"

"ಒಂದಕ್ಕೆ ಇದೆ…"

"ಕೆಳಗಿನ್ ಮನೆಯೋರು ಊರಲ್ಲಿ ಇಲ್ದೇ ಇರೋದು ಯಾವಾಗ? ಚಿಲ್ಕ ಒಳಗಿಂದ ಮೇಲ್ಗಡೆ ಅದೋ, ಕೆಳಗಡೆ ಅದೋ?"

ನಾವು ಸೀಮೆಸುಣ್ಣ ಎತ್ತಿಕೊಂಡು ಕಾಯುತ್ತಿದ್ದೆವು. ಅನಿತಾ ಮೇಡಂ ಮುಖದ ಮೇಲಿನ ನಗು ಸ್ವಲ್ಪ ಸ್ವಲ್ಪವಾಗಿ ಹೋಯಿತು. ಅವರು ಒಮ್ಮೆ ನೆಲದ ಮೇಲಿನ ತಮ್ಮ ರೂಮನ್ನೂ, ಒಮ್ಮೆ ಅಜ್ಜಿಯ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಹಾಡಿಯ ಗಂಡಸರನ್ನೂ ನೋಡಿದರು. ಕಾಲು ಹಿಂದಕ್ಕೆ ಎಳೆದುಕೊಂಡರು.

"ನಾವೇನ್ ಕಳ್ರಲ್ಲ ತಾಯಿ," ಎಂದಳು ಅಜ್ಜಿ. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನೂ ಕಳ್ಳಿ ಅಲ್ಲ, ಗೊತ್ತು ನಂಗೆ. ಆದ್ರೂ ಭಯ ಆಯ್ತದೆ ಅಲ್ವಾ?"

ಮೇಡಂ ಹೌದೆಂದು ತಲೆಯಾಡಿಸಿದರು. ಮೊಬೈಲು ತೆಗೆದು, ಅಜ್ಜಿಯ ಪಕ್ಕ ಬಂದು ಕೂತು, ಹಿಡಿದ ಫೋಟೊ ತೋರಿಸಿ ಅಳಿಸಿದರು.

"ಓಯ್ತಾ?"

"ಹೋಯ್ತು ಅಜ್ಜಿ."

"ಅದ್ರೊಳಗೆ ಇನ್ನೆಲ್ಲೂ ಇಲ್ಲ ಅಂತ ನಂಗೆಂಗ್ ಗೊತ್ತಾಗ್ಬೇಕು?"

ಮೇಡಂ ಯೋಚಿಸಿದರು. "ಗೊತ್ತಾಗಲ್ಲ," ಎಂದರು.

ಆ ಒಂದು ಉತ್ತರಕ್ಕೆ ಅಜ್ಜಿ ಅವರಿಗೆ ಎಲೆಅಡಿಕೆ ಕೊಟ್ಟಳು. ನಂಬಿದಳು ಎಂದು ಹೇಳಲಾರೆ. ಈಗ ನಾನೂ ಅಂಥದೇ ಹಸಿರು ಬ್ಯಾಗು ಹೊತ್ತು, ತರಬೇತಿ ಕೊಡಲು, ಈ ನಾಲ್ಕು ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಹೋಗುತ್ತೇನೆ. ಮೇಷ್ಟ್ರುಗಳನ್ನು ದುಂಡಗೆ ಕೂರಿಸಿ, ಶೆಲ್ಲು ವೈರು ಕೊಟ್ಟು 'ಉರಿಸಿ' ಎನ್ನುತ್ತೇನೆ. ಅವರಲ್ಲಿ ಕೆಲವರು ಕೈಕಟ್ಟಿ ಕೂತು, ಇವಳು ಯಾರ ಕಡೆಯವಳು, ಇದರಿಂದ ಇವಳಿಗೇನು ಲಾಭ ಎಂದು ನೋಡುತ್ತಾರೆ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅದಕ್ಕೆ ಬೇಸರಪಡುವುದಿಲ್ಲ. ಅಳತೆಯ ಪಾಠ ಬಂದಾಗ ಮಾತ್ರ ಶಾಲೆಯ ಕೋಣೆಯನ್ನೇ ಅಳೆಸಿ, ಮಕ್ಕಳ ಮನೆಗೆ ದಾರ ಕಳಿಸಬೇಡಿ ಎಂದು ಹೇಳುತ್ತೇನೆ. ಯಾಕೆಂದು ಕೇಳಿದವರಿಗೆ ಕಾರಣ ಹೇಳಿದ್ದೇನೆ. ಒಬ್ಬಿಬ್ಬರು ನಕ್ಕಿದ್ದಾರೆ.

ಚಾರ್ಟು ಮೇಳಕ್ಕೆ ಹೋಗಲಿಲ್ಲ. ಮೇಷ್ಟ್ರೇ ಕತ್ತರಿ ತಂದು, ಒಂದೊಂದು ಮನೆಯನ್ನೂ ಬೇರೆಬೇರೆಯಾಗಿ ಕತ್ತರಿಸಿ, ಅವರವರ ಮಕ್ಕಳ ಕೈಗೆ ಕೊಟ್ಟರು. ಅಷ್ಟು ಕಷ್ಟಪಟ್ಟು ಮಾಡಿದ್ದು ಹೀಗೆ ಚೂರಾಯಿತಲ್ಲ ಎಂದು ದೊಡ್ಡ ಹುಡುಗಿಯರು ಅತ್ತರು. ಮೇಷ್ಟ್ರ ಮುಖವೂ ಸಪ್ಪಗಿತ್ತು. ಅವರಿಗೂ ಹುಣಸೂರಿನಲ್ಲಿ ನಾಲ್ಕು ಜನರೆದುರು ಅದನ್ನು ತೋರಿಸುವ ಆಸೆ ಇತ್ತು ಎಂದು ನನಗೆ ಈಗ ಅರ್ಥವಾಗುತ್ತದೆ. ಕೆಲವರ ಮನೆಯಲ್ಲಿ ಆ ಚೂರು ಗೋಡೆಗೆ ಅಂಟಿತು, ಕೆಲವರ ಮನೆಯಲ್ಲಿ ಒಲೆಗೆ ಹೋಯಿತು. ಮುಂದಿನ ಬೇಸಿಗೆಯಲ್ಲಿ ಯಾರೋ ಇಬ್ಬರು ಬೂಟು ಹಾಕಿದವರು ಬಂದು, ಹಾಡಿಯ ಸುತ್ತ ನಡೆದಾಡಿ, ಮತ್ತಿಮರದ ಕೆಳಗೆ ಸ್ವಲ್ಪ ಹೊತ್ತು ನಿಂತು, ಯಾರನ್ನೂ ಮಾತಾಡಿಸದೆ ಹೋದರು. "ನೋಡ್ದಾ?" ಎಂದಳು ಅಜ್ಜಿ. ತಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಮೇಷ್ಟ್ರು ದೇವರಾಣೆ ಮಾಡಿದರು. ಆ ಇಬ್ಬರು ಯಾಕೆ ಬಂದಿದ್ದರೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಅವರು ಬಂದುಹೋದ ಕೆಲವು ದಿನಗಳ ಮೇಲೆ, ಒಂದು ಮಧ್ಯಾಹ್ನ, ಅಜ್ಜಿ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದಳು. ಆಡು ಕಟ್ಟುವ ಹಗ್ಗ ಅವಳ ಕೈಯಲ್ಲಿತ್ತು.

"ಮೇಷ್ಟ್ರು ಯೋಳ್ಕೊಟ್ಟಿದ್ದು ನೆಪ್ಪದಾ?"

"ಏನು?"

"ಅಳ್ಯೋದು."

ಅವಳು ಹಗ್ಗದ ಒಂದು ತುದಿಯನ್ನು ನನಗೆ ಕೊಟ್ಟು, ಇನ್ನೊಂದನ್ನು ಹಿಡಿದು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಒಲೆಯ ಮೂಲೆಗೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಗೋಡೆಯ ಬುಡಕ್ಕೆ ಹಗ್ಗ ಬಿಗಿಯಾಗಿ ಹಿಡಿ ಎಂದು ನನಗೇ ಹೇಳಿಕೊಟ್ಟಳು. ಉದ್ದ ಅಳೆದೆವು. ಅಗಲ ಅಳೆದೆವು. ಅಡ್ಡಗೋಡೆ ಅಳೆದೆವು. ಹಗ್ಗಕ್ಕೆ ಗಂಟಿರಲಿಲ್ಲ. ನನ್ನ ಶಾಲೆಯ ಸ್ಕೇಲು ಒಂದಡಿಯದು, ಅದನ್ನು ಹಗ್ಗದ ಮೇಲೆ ಇಟ್ಟಿಟ್ಟು ಎಣಿಸಿದೆ. ಗುಣಿಸುವಾಗ ಒಮ್ಮೆ ತಪ್ಪಿತು, ಮತ್ತೆ ಮೊದಲಿನಿಂದ ಮಾಡಿದೆ. ಅಜ್ಜಿ ಅವಸರ ಮಾಡಲಿಲ್ಲ, ನನ್ನ ತುಟಿಯನ್ನೇ ನೋಡುತ್ತಿದ್ದಳು. ಕೊನೆಗೆ ಹೇಳಿದೆ. ಅವಳು ಅದನ್ನು ಎರಡು ಸಲ ನನ್ನ ಬಾಯಲ್ಲಿ ಹೇಳಿಸಿ, ಒಂದು ಸಲ ತಾನೇ ಹೇಳಿದಳು. ಆಮೇಲೆ ಕೋಣೆಯನ್ನು ಸುತ್ತ ನೋಡಿದಳು, ಅಷ್ಟೊಂದು ಇದೆಯಾ ಎನ್ನುವ ಹಾಗೆ.

"ನಿನ್ ತಲೇಲಿ ಇರ್ಲಿ," ಎಂದಳು. "ಯಾರ್ ಕೇಳುದ್ರೂ ಯೋಳ್ಬೇಡ. ನೀನೇ ಯೋಳ್ಬೇಕು ಅಂತ ಅನ್ನಿಸ್ದಾಗ ಯೋಳು."

ಅಜ್ಜಿ ಈಗಿಲ್ಲ. ಆ ಅಳತೆ ನನಗೆ ಚೆನ್ನಾಗಿ ನೆನಪಿದೆ. ಇಲ್ಲಿ ಅದನ್ನು ಬರೆಯುವುದಿಲ್ಲ.